ತೆಗೆದ ಹುಬ್ಬಿನ ಬಣ್ಣ

ಒತಾರು
ಮೇಜಿ ಶಕ ೩೧ (೧೮೯೮), ಫೆಬ್ರವರಿ ೧೧

ನುಯಿ,

ಇಲ್ಲಿ ಕಿಟಕಿಯ ಅರ್ಧದವರೆಗೆ ಹಿಮ ಏರಿದೆ. ಕಾಗದವನ್ನು ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ಬರೆಯುತ್ತಿದ್ದೇನೆ, ಮೇಜು ಬೇಕಾಗಿಲ್ಲ, ಅಷ್ಟು ಮುಂದೆ ಬಂದಿದೆ. ಹೌದು ಕಣೆ, ನಿನ್ನಕ್ಕ ಬಸುರಿ. ಏಪ್ರಿಲ್ ಹೊತ್ತಿಗೆ ನೀನು ಚಿಕ್ಕಮ್ಮ ಆಗುತ್ತೀಯ. ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ಬೈಯಬೇಡ, ಎರಡು ಸಲ ನಿಂತು ಎರಡು ಸಲ ಹೋಗಿತ್ತು. ಈ ಸಲ ಗಟ್ಟಿಯಾಗಿದೆ, ಒದೆಯುತ್ತದೆ.

ಅತ್ತೆ ಒರಟು ಮಾತಿನವರು, ಕೆಟ್ಟವರಲ್ಲ. ನಿನ್ನೆ ಊಟಕ್ಕೆ ಕೂತಾಗ, "ಕ್ಯೋತೊ ಹುಡುಗಿ ತಿನ್ನೋದು ಗುಬ್ಬಿ ಕಾಳು ಹೆಕ್ಕಿದ ಹಾಗೆ. ಹೊಟ್ಟೇಲಿರೋದು ಈ ಊರಿನ ಕೂಸು ಕಣಮ್ಮ, ಅದಕ್ಕಾದ್ರೂ ಉಣ್ಣು" ಎಂದು ಬಟ್ಟಲಿಗೆ ಇನ್ನೆರಡು ತುಂಡು ಮೀನು ಹಾಕಿದರು. ನಿನ್ನ ಭಾವ ಗೆನ್‌ಜಿರೊ ನಿಶಿನ್ ಮೀನಿನ ದೋಣಿಗಳನ್ನು ಸರಿಮಾಡಿಸುತ್ತ ದಿನವಿಡೀ ದಡದಲ್ಲೇ ಇರುತ್ತಾರೆ.

ನುಯಿ, ಇನ್ನು ಕೆಲಸದ ಮಾತು. ಅಮ್ಮನಿಗೆ ಈ ಸುದ್ದಿಯನ್ನು ನೀನೇ ಹೇಳು. ಮೂರು ವರ್ಷದಲ್ಲಿ ಅವಳು ನನಗೆ ಒಂದಕ್ಷರ ಬರೆಯಲಿಲ್ಲ. ತಪ್ಪು ನನ್ನದೇ, ಗೊತ್ತು. ಮನೆ ಅಳಿಯನನ್ನು ತಂದುಕೊಂಡು ಅಂಗಡಿ ನೋಡಿಕೊಳ್ಳುತ್ತೇನೆ, ನುಯಿ ನಿಶ್ಚಿಂತೆಯಾಗಿ ಚಿತ್ರ ಬರೆಯಲಿ ಎಂದು ಮಾತು ಕೊಟ್ಟವಳು ನಾನು. ಒಣ ಮೀನು ಮಾರಲು ಬಂದವನ ಹಿಂದೆ ಹಡಗು ಹತ್ತಿದವಳೂ ನಾನೇ. "ಹೋಗೋಳು ಹೋಗು, ತಿರುಗಿ ನೋಡ್ಬೇಡ" ಎಂದಳಲ್ಲ ಅಮ್ಮ, ಅಂಗಡಿಯಲ್ಲಿ ಮುಡಿ ಕಟ್ಟುವ ದಾರ ಸುತ್ತುತ್ತ, ತಲೆ ಎತ್ತದೆ. ನಾನು ತಿರುಗಿ ನೋಡಿದ್ದೆ. ಅವಳು ನೋಡಲಿಲ್ಲ.

ತಾಯಿಯಾದವಳು ಹುಬ್ಬು ಬೋಳಿಸಿಕೊಳ್ಳಬೇಕಲ್ಲ, ನಮ್ಮ ಮನೆಯಲ್ಲಿ ಚೊಚ್ಚಲ ಹೆರಿಗೆಯಾದ ಮಗಳ ಹುಬ್ಬನ್ನು ಮೊದಲ ಸಲ ತೆಗೆಯುವವಳು ತಾಯಿ. ಅಜ್ಜಿ ಅಮ್ಮನಿಗೆ ತೆಗೆದಳು, ಅದೇ ಕತ್ತಿಯಲ್ಲಿ. ಅಮ್ಮ ಇಷ್ಟು ದೂರ ಬರುವುದು ಆಗದ ಮಾತು. ಕತ್ತಿಯನ್ನಾದರೂ ಕಳಿಸಲು ಹೇಳು. ಹಿಡಿಗೆ ನೇರಳೆ ದಾರ ಸುತ್ತಿದ ಅದೇ ಕತ್ತಿ. ಅದರ ಜೊತೆ ಒಂದು ಮಾತೂ ಬೇಡ. ಕತ್ತಿ ಬಂದರೆ ಸಾಕು, ಅಮ್ಮ ನನ್ನನ್ನು ಕ್ಷಮಿಸಿದಳು ಎಂದುಕೊಳ್ಳುತ್ತೇನೆ.

ಮುಂದಿನ ಹಡಗಿನಲ್ಲಿ ಅಮ್ಮನಿಗೆ ನಿಶಿನ್ ಕಳಿಸುತ್ತೇನೆ, ಕಡಲಸೊಪ್ಪನ್ನೂ. ಬದನೆಕಾಯಿ ಜೊತೆ ಬೇಯಿಸಿಕೊಡು. ಅದೊಂದಿದ್ದರೆ ಅವಳು ಯಾರ ಮೇಲಿನ ಸಿಟ್ಟನ್ನಾದರೂ ಮರೆಯುತ್ತಾಳೆ.

ಹಿಸಾ


ಕ್ಯೋತೊ
ಮಾರ್ಚ್ ೨೪

ಅಕ್ಕಾ,

ಉತ್ತರ ತಡವಾಯಿತು. ನಿನ್ನ ಸುದ್ದಿ ಓದಿ ಅಂಗಡಿಯಲ್ಲೇ ಕುಣಿದುಬಿಟ್ಟೆ, ತಲೆಯೆಣ್ಣೆ ಕೊಳ್ಳಲು ಬಂದ ಹೆಂಗಸು ಹೆದರಿ ಎರಡು ಹೆಜ್ಜೆ ಹಿಂದೆ ಹೋದಳು. ಅಮ್ಮನಿಗೆ ಅದೇ ದಿನ ಓದಿ ಹೇಳಿದೆ.

ಅಮ್ಮನಿಗೆ ಚಳಿಗಾಲದಲ್ಲಿ ಕೆಮ್ಮು ಜೋರಾಗಿತ್ತು. ಈಗ ಕೆಮ್ಮು ಇಲ್ಲ. ನೀನು ಅದರ ಚಿಂತೆ ಹಚ್ಚಿಕೊಳ್ಳಬೇಡ.

ಇದರ ಜೊತೆ ಕತ್ತಿ ಕಳಿಸುತ್ತಿದ್ದೇನೆ. ಇದು ಹೊಸದು. ಹಳೆಯದನ್ನು ಈಗ ಕಳಿಸುವ ಹಾಗಿಲ್ಲ. ಇದೂ ಒಳ್ಳೆಯ ಕಮ್ಮಾರನ ಕೈಯದು, ನಾನೇ ಹೋಗಿ ಆರಿಸಿದೆ.

ಮೀನು ಬಂತು. ಎತ್ತಿಟ್ಟಿದ್ದೇನೆ. ಕಡಲಸೊಪ್ಪು ಬೇಯಿಸಿ ಅಮ್ಮನ ಮುಂದಿಟ್ಟೆ.

ದೊಡ್ಡಪ್ಪ ದಿನವೂ ಬರುತ್ತಾರೆ. "ಇಪ್ಪತ್ತಮೂರು ಆಯ್ತು. ಬಣ್ಣ ಅರೆಯೋ ಕೈಗೆ ಯಾರು ಹುಡುಗ ಕೊಡ್ತಾರೆ?" ಎಂದು ಕೇಳುತ್ತಾರೆ. ಬಣ್ಣವನ್ನೇ ಮದುವೆಯಾಗಿದ್ದೇನೆ, ಅದು ಕುಡಿಯುವುದಿಲ್ಲ, ಹೊಡೆಯುವುದಿಲ್ಲ ಎಂದೆ. ಅವರು ನಗಲಿಲ್ಲ. ಮೊದಲಾದರೆ ಅಮ್ಮ ಒಳಗಿನಿಂದ ಇಂಥದಕ್ಕೆ ಒಂದು ಕೊಡುತ್ತಿದ್ದಳು.

ಚೆನ್ನಾಗಿ ತಿನ್ನು, ಭಾರ ಎತ್ತಬೇಡ.

ನುಯಿ


ಒತಾರು
ಏಪ್ರಿಲ್ ೯

ನುಯಿ,

ಕತ್ತಿ ಬಂತು. ಒಳ್ಳೆಯ ಕತ್ತಿ. ಹರಿತವಾಗಿದೆ. ಕಾಗದದ ಸಮೇತ ಪೆಟ್ಟಿಗೆಯಲ್ಲಿಟ್ಟೆ.

ಕಳಿಸುವ ಹಾಗಿಲ್ಲ ಎಂದರೆ ಏನು ಎಂದು ನಾನು ಕೇಳುವುದಿಲ್ಲ. ಕತ್ತಿ ಮುರಿದಿದ್ದರೆ ಮುರಿದಿದೆ ಎನ್ನುತ್ತಿದ್ದೆ, ಕಳೆದಿದ್ದರೆ ಕಳೆದಿದೆ ಎನ್ನುತ್ತಿದ್ದೆ. ಹಾಗಿಲ್ಲ ಎಂದರೆ ಅಮ್ಮ ಕೊಡಲಿಲ್ಲ ಎಂದೇ ಅರ್ಥ. ಮೀನನ್ನೂ ಮುಟ್ಟಲಿಲ್ಲ. ಬದನೆಕಾಯಿ ಮೀನು ಅಂದರೆ ಬಟ್ಟಲು ನೆಕ್ಕುತ್ತಿದ್ದವಳು ಎತ್ತಿಡಿಸಿದಳು ಎಂದರೆ, ಆ ಸಿಟ್ಟು ಇನ್ನೂ ಎಷ್ಟಿರಬೇಕು! ನನಗಾಗಿ ನೀನು ಅವಳ ಹತ್ತಿರ ಬೇಡಬೇಡ. ಇದು ನಮ್ಮಿಬ್ಬರ ಲೆಕ್ಕ.

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೇ ಅಂಗಡಿ ಬಾಗಿಲಿಗೆ ಬಂದು ನಿಂತುಬಿಟ್ಟರೆ ಆಗ ಏನು ಮಾಡುತ್ತಾಳೆ ನೋಡೋಣ. ಮೊಮ್ಮಗುವಿಗೂ ತಿರುಗಿ ನೋಡಬೇಡ ಅನ್ನುತ್ತಾಳೆಯೇ? ಈಗ ಅದೊಂದೇ ನನ್ನ ಧೈರ್ಯ.

ಕಾಲು ಊದಿಕೊಂಡಿವೆ. ಇನ್ನು ಹೆಚ್ಚು ದಿನ ಇಲ್ಲ.

ಹಿಸಾ


ಕ್ಯೋತೊ
ಮೇ ೨೧

ಅಕ್ಕಾ,

ಏಪ್ರಿಲ್ ಕಳೆಯಿತು, ಮೇ ಮುಗಿಯುತ್ತಾ ಬಂತು, ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಇಲ್ಲವೆಂದು ಕೈಯಾಡಿಸುತ್ತಾನೆ. ಮಗು ಹುಟ್ಟಿತೆ? ನೀನು ಹೇಗಿದ್ದೀಯ? ಎರಡು ಸಾಲು ಬರೆ, ಬರೆಯಲಾಗದಿದ್ದರೆ ಭಾವನ ಕೈಯಲ್ಲಿ ಬರೆಸು.

ಒಂದು ಸುದ್ದಿ ಇದೆ. ಗುರುಗಳು ಈ ವರ್ಷ ನನ್ನ ಒಂದು ಚಿತ್ರವನ್ನು ತೋಕ್ಯೊ ಪ್ರದರ್ಶನಕ್ಕೆ ಕಳಿಸುತ್ತಾರಂತೆ. ನಮ್ಮ ಚಿತ್ರಶಾಲೆಯಿಂದ ಹೆಂಗಸೊಬ್ಬಳ ಚಿತ್ರ ಅಲ್ಲಿಗೆ ಹೋಗುವುದು ಇದೇ ಮೊದಲು. ಹುಡುಗರಿಗೆಲ್ಲ ಹೊಟ್ಟೆಕಿಚ್ಚು. ಏನು ಬರೆಯುತ್ತೀ ಎಂದು ಗುರುಗಳು ಕೇಳಿದರು. ಈಗಷ್ಟೇ ಹುಬ್ಬು ತೆಗೆಸಿಕೊಂಡ ತಾಯಿ, ಮಡಿಲಲ್ಲಿ ಮಗು, ತಲೆ ಬಗ್ಗಿಸಿ ನೋಡುತ್ತಿದ್ದಾಳೆ ಎಂದೆ. ಹಿಂದೆ ಕೂತಿದ್ದ ಒಬ್ಬ, "ಬಾಣಂತೀನ ಗೋಡೆಗೆ ತೂಗಾಕ್ಕೊಳ್ಳೋರು ಯಾರು? ಚೆಲುವೆಯರ ಚಿತ್ರ ಅಂದ್ರೆ ಚೆಲುವೆಯರನ್ನ ಬರೀಬೇಕು" ಎಂದ. ನಾನು, "ಚೆಲುವೆಯರನ್ನ ನೀನು ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ನೋಡಿದ್ದೀಯ. ನಾನು ಮನೇಲೇ ನೋಡಿದ್ದೀನಿ" ಎಂದುಬಿಟ್ಟೆ. ಗುರುಗಳು ಕೆಮ್ಮುವವರ ಹಾಗೆ ಮುಖ ಮುಚ್ಚಿಕೊಂಡರು.

ಆದರೆ ಅಕ್ಕಾ, ಆ ಬಣ್ಣ ನನಗೆ ಸಿಗುತ್ತಿಲ್ಲ. ಹುಬ್ಬು ತೆಗೆದ ಜಾಗದಲ್ಲಿ ಚರ್ಮದ ಒಳಗಿನಿಂದ ಒಂದು ನೀಲಿ ಹಸಿರು ಕಾಣುತ್ತದಲ್ಲ, ಅದು. ನೀಲಿ ಹೆಚ್ಚಾದರೆ ಹೊಡೆತ ಬಿದ್ದಂತೆ, ಕಡಿಮೆಯಾದರೆ ಕಾಯಿಲೆಯವಳಂತೆ. ಚಿಪ್ಪಿನ ಪುಡಿಯ ಬಿಳಿಯನ್ನು ಮೇಲೆ ಎಷ್ಟು ತೆಳುವಾಗಿ ಎಳೆದರೂ ಸತ್ತ ಬಣ್ಣವೇ ಬರುತ್ತದೆ. ನೀನು ತೆಗೆಸಿಕೊಂಡಿರುತ್ತೀಯಲ್ಲ. ನೋಡಿ ಬರೆದು ಕಳಿಸು. ಬೆಳಿಗ್ಗೆ ಹೇಗೆ, ಸಂಜೆ ಹೇಗೆ, ಅಂಚು ಎಲ್ಲಿ ಮುಗಿಯುತ್ತದೆ, ಎಲ್ಲ.

ನುಯಿ


ಒತಾರು
ಜೂನ್ ೬

ನುಯಿ,

ಮಗು ಏಪ್ರಿಲ್ ಕೊನೆಗೆ ಹುಟ್ಟಿತು. ಹೆಣ್ಣು. ಇಷ್ಟು ಸುಮ್ಮನಿರುವ ಮಗುವನ್ನು ತಾನು ಕಂಡಿಲ್ಲ ಎಂದು ಸೂಲಗಿತ್ತಿ ಹೇಳಿದಳು. ನಾನು ಎದ್ದು ಓಡಾಡುತ್ತಿದ್ದೇನೆ. ಅಮ್ಮನಿಗೆ ಹೇಳು, ಮೊಮ್ಮಗಳು ಹುಟ್ಟಿದ್ದಾಳೆ ಎಂದು. ಅವಳು ಏನೆಂದಳು ಎಂಬುದನ್ನು ನನಗೆ ಬರೆ. ಬೈದರೆ ಬೈದದ್ದನ್ನೇ ಬರೆ.

ನಿನ್ನ ಚಿತ್ರದ ಸುದ್ದಿ ಓದಿ ನನಗೆ ಇವತ್ತು ಬಹಳ ದಿನದ ಮೇಲೆ ನಗು ಬಂತು. ಆ ಹುಡುಗನಿಗೆ ಚೆನ್ನಾಗಿ ಕೊಟ್ಟೆ.

ಬಣ್ಣದ ವಿಷಯ. ಬೆಳಿಗ್ಗೆ, ಮುಖ ತೊಳೆದ ಮೇಲೆ, ಎಳೆ ಬಿದಿರಿನ ಸಿಪ್ಪೆ ಬಿಡಿಸಿದಾಗ ಒಳಗೆ ಕಾಣುವ ಬಣ್ಣ. ಸಂಜೆಯ ದೀಪದಲ್ಲಿ ಹಸಿರು ಹೋಗಿ ಬರೀ ನೆರಳು. ನಕ್ಕಾಗ ಎರಡೂ ಕಡೆ ಸ್ವಲ್ಪ ಮೇಲೇರಿ ಹೊಳೆಯುತ್ತದೆ.

ಒಂದು ಮಾತು ಕೇಳಲೆ? ಅಮ್ಮ ನಿನ್ನ ಎದುರಿಗೇ ಇದ್ದಾಳೆ. ಅವಳ ಹುಬ್ಬನ್ನು ದಿನವೂ ನೋಡುತ್ತೀಯ. ಸಮುದ್ರ ದಾಟಿಸಿ ನನ್ನನ್ನು ಯಾಕೆ ಕೇಳುತ್ತೀ?

ಹಿಸಾ


ಕ್ಯೋತೊ
ಜೂನ್ ೩೦

ಅಕ್ಕಾ,

ಹೆಣ್ಣು ಮಗು! ಎರಡು ತಿಂಗಳು ನನ್ನನ್ನು ಹೆದರಿಸಿದ್ದಕ್ಕೆ ನಿನಗೆ ಸರಿಯಾಗಿ ಬೈಯಬೇಕು ಎಂದಿದ್ದೆ, ಸಂತೋಷಕ್ಕೆ ಬೈಗುಳವೇ ಮರೆತುಹೋಯಿತು. ನಿನ್ನ ಕಾಗದವನ್ನು ಅಮ್ಮನ ಮುಂದೆ ಕೂತು ಜೋರಾಗಿ ಓದಿದೆ. ಅಮ್ಮ ಏನೂ ಹೇಳಲಿಲ್ಲ. ಅವಳ ಸ್ವಭಾವ ನಿನಗೆ ಗೊತ್ತಲ್ಲ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಂಡರೆ ಹಾಲು ಕಡಿಮೆಯಾಗುತ್ತದೆ, ಸುಮ್ಮನೆ ಮಗುವನ್ನು ನೋಡಿಕೊ.

ಅಮ್ಮನ ಹುಬ್ಬು ಈಗ ನನಗೆ ಉಪಯೋಗಕ್ಕೆ ಬಾರದು. ನನಗೆ ಬೇಕಾದದ್ದು ಎಳೆಯ ತಾಯಿಯ ಹುಬ್ಬು, ಅದಕ್ಕೇ ನಿನ್ನನ್ನು ಕೇಳಿದ್ದು.

ಬಿದಿರಿನ ಮಾತು ಎಷ್ಟು ಸರಿಯಾಗಿತ್ತು ಗೊತ್ತೆ! ಬಣ್ಣವನ್ನು ಚಿತ್ರ ಬರೆಯುವ ರೇಷ್ಮೆ ಬಟ್ಟೆಯ ಹಿಂಬದಿಯಿಂದ ಹಚ್ಚಿದೆ. ಮುಂದೆ ಬರೀ ಉಸಿರಿನಷ್ಟು ಬಿಳಿ. ಈಗ ಒಳಗಿನಿಂದ ಬರುತ್ತಿದೆ. ಇನ್ನಷ್ಟು ಹೇಳು ಅಕ್ಕಾ. ಮಗುವಿನ ಕಡೆ ಬಗ್ಗಿದಾಗ ಹೇಗಿರುತ್ತದೆ? ಹಣೆಯ ಗೆರೆ ಎಲ್ಲಿ ಮಡಿಯುತ್ತದೆ? ಮಗು ಹೇಗಿದೆ, ಯಾರ ಹಾಗಿದೆ? ಮಡಿಲಲ್ಲಿ ಬರೆಯಬೇಕಲ್ಲ. ಹೆಸರೇನಿಟ್ಟಿರಿ?

ನುಯಿ


ಒತಾರು
ಜುಲೈ ೨೨

ನುಯಿ,

ಅಮ್ಮ ಏನೂ ಹೇಳಲಿಲ್ಲ ಎಂದು ಓದಿದೆ. ಸರಿ. ಇನ್ನು ಕೇಳುವುದಿಲ್ಲ.

ನಿನಗೆ ಬೇಕಾದದ್ದನ್ನು ಬರೆಯುತ್ತೇನೆ. ಮಗುವಿನ ಕಡೆ ಬಗ್ಗಿದಾಗ ಹುಬ್ಬಿನ ಜಾಗ ಮೊದಲಿಗಿಂತ ಅಗಲವಾಗಿ ಕಾಣುತ್ತದೆ, ಅದರ ಕೆಳಗಿನ ಅಂಚು ಕಣ್ಣ ರೆಪ್ಪೆಯ ಮೇಲೆ ಕೂತಂತಿರುತ್ತದೆ. ಎಡಗಡೆ ಅಂಚಿನ ಹತ್ತಿರ ಒಂದು ಎಳೆಯಷ್ಟು ಬಿಳಿ ಗೀರು ಇದೆ, ಕತ್ತಿ ಯಾವಾಗಲೋ ತಾಗಿದ್ದು. ನಕ್ಕರೆ ಗೀರು ಕಾಣುವುದಿಲ್ಲ, ಸಿಟ್ಟು ಬಂದರೆ ಕಾಣುತ್ತದೆ. ದೀಪ ಹಿಂದೆ ಇದ್ದರೆ ಹಣೆಯೆಲ್ಲ ಕತ್ತಲಾಗಿ ಆ ಎರಡು ಜಾಗ ಮಾತ್ರ ಬೆಳಗಾಗುವ ಮೊದಲಿನ ಆಕಾಶದ ಹಾಗೆ ತಿಳಿಯಾಗಿರುತ್ತವೆ. ಮುಖ ಇನ್ನೂ ಹತ್ತಿರ ಬಂದರೆ ತಲೆಯೆಣ್ಣೆಯ ವಾಸನೆ. ಅದನ್ನು ಬರೆಯಲು ಬರುತ್ತದೆಯೆ ನಿನಗೆ?

ಇಷ್ಟು ಸಾಕಾಗಬಹುದು. ಇಲ್ಲಿ ಸೆಕೆ, ಮೀನಿನ ವಾಸನೆಗೆ ತಲೆ ಸಿಡಿಯುತ್ತದೆ. ಅತ್ತೆ ಹೊರಗೆ ಕೂಗುತ್ತಿದ್ದಾರೆ.

ಹಿಸಾ


ಕ್ಯೋತೊ
ಆಗಸ್ಟ್ ೨೯

ಅಕ್ಕಾ,

ನಿನ್ನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ನೀನು ಹೇಳಿದ ಹಾಗೇ ಬರೆಯುತ್ತ ಹೋದೆ. ಅಂಚನ್ನು ಇಳಿಸಿದೆ. ಹಣೆಯನ್ನು ಕತ್ತಲಾಗಿಸಿದೆ. ಎಡಗಡೆ ಬಿಳಿ ಗೀರನ್ನು ಎಳೆದು ಕುಂಚ ಎತ್ತಿದರೆ, ರೇಷ್ಮೆಯ ಮೇಲೆ ಅಮ್ಮ ಕೂತಿದ್ದಳು. ನಿನ್ನನ್ನು ಬರೆಯಲು ಹೊರಟಿದ್ದೆ ಅಕ್ಕಾ. ನನ್ನ ಕೈಯಲ್ಲಿ ಬಂದವಳು ಇಪ್ಪತ್ತು ವರ್ಷದ ಹಿಂದಿನ ಅಮ್ಮ. ಅಲ್ಲೇ ಕೂತು ಅತ್ತುಬಿಟ್ಟೆ. ಬಣ್ಣದ ಬಟ್ಟಲಿಗೆ ಕೈ ತಾಗಿ ಚೆಲ್ಲಿತು, ಒರೆಸಲೂ ಏಳಲಿಲ್ಲ.

ಆಮೇಲೆ ನಿನ್ನ ಕಾಗದವನ್ನು ಮತ್ತೆ ಓದಿದೆ. ನಾನು ಹತ್ತು ವರ್ಷದಿಂದ ಹೆಂಗಸರ ಮುಖ ಬರೆಯುತ್ತಿದ್ದೇನೆ. ಕನ್ನಡಿಯಲ್ಲಿ ನೋಡಿಕೊಂಡರೆ ಹುಬ್ಬು ಎದುರಿನಿಂದ ಕಾಣುತ್ತದೆ. ಯಾರ ಹುಬ್ಬೂ ಅವರಿಗೇ ಕೆಳಗಿನಿಂದ ಕಾಣುವುದಿಲ್ಲ. ಕೆಳ ಅಂಚು ರೆಪ್ಪೆಯ ಮೇಲೆ ಕೂತಂತೆ ಕಾಣಬೇಕಾದರೆ ಮಡಿಲಲ್ಲಿ ಮಲಗಿ ನೋಡಬೇಕು. ನೀನು ಬರೆದದ್ದು ಮಡಿಲಲ್ಲಿ ಮಲಗಿ ಕಂಡದ್ದನ್ನು. ನೀನು ಹುಬ್ಬು ತೆಗೆಸಿಕೊಂಡೇ ಇಲ್ಲ ಅಲ್ಲವೇ? ಇನ್ನೊಂದು. ಮಗು ಹೇಗಿದೆ ಎಂದು ಕೇಳಿದ್ದೆ, ಹೆಸರು ಕೇಳಿದ್ದೆ. ನೀನು ಎಲ್ಲವನ್ನೂ ಬರೆದೆ, ಮಗುವಿನ ಒಂದು ಬೆರಳನ್ನೂ ಬರೆಯಲಿಲ್ಲ. ನನ್ನ ಚಿತ್ರದಲ್ಲಿ ಮಡಿಲು ಇನ್ನೂ ಖಾಲಿಯಾಗಿದೆ. ನನ್ನ ಅನುಮಾನ ಸುಳ್ಳಾಗಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೇನೆ. ಸುಳ್ಳಾದರೆ ನನಗೆ ಹೊಡೆಯುವುದಕ್ಕಾದರೂ ಇಲ್ಲಿಗೆ ಬಾ.

ಈಗ ನನ್ನ ಸರದಿ. ಅಮ್ಮ ಇಲ್ಲ ಅಕ್ಕಾ. ಮಾರ್ಚ್ ಮೊದಲ ವಾರ ಕೆಮ್ಮು ಎದೆಗಿಳಿಯಿತು, ನಾಲ್ಕೇ ದಿನ. ಹೊಟ್ಟೆಯಲ್ಲಿ ಮಗು ಇರುವವಳಿಗೆ ಸಾವಿನ ಸುದ್ದಿ ಮುಟ್ಟಿಸಬಾರದು ಎಂದರು ದೊಡ್ಡಪ್ಪ. ಹೆರಿಗೆಯಾದ ಮೇಲೆ ಹೇಳೋಣವೆಂದರೆ, ಹಾಲು ಬತ್ತುತ್ತದೆ ಎಂದರು. ಹಾಗೆಂದು ನಿನಗೆ ಸುಳ್ಳು ಬರೆಯುವುದಿಲ್ಲ ಎಂದು ನಾನು ಹಟ ಹಿಡಿದೆ. ಈಗ ಕೆಮ್ಮು ಇಲ್ಲ ಎಂದೆ. ಏನೂ ಹೇಳಲಿಲ್ಲ ಎಂದೆ. ಅಮ್ಮನ ಮುಂದೆ ಇಟ್ಟದ್ದೂ ಓದಿದ್ದೂ ದೇವರಮನೆಯಲ್ಲಿ ಅವಳ ಹೆಸರಿನ ಫಲಕದ ಮುಂದೆ. ಎಲ್ಲ ನಿಜವೇ. ಮೀನನ್ನು ಎತ್ತಿಟ್ಟದ್ದು ಸೂತಕದ ಮನೆಯಲ್ಲಿ ನಲವತ್ತೊಂಬತ್ತು ದಿನ ಮೀನು ಬೇಯಿಸುವಂತಿಲ್ಲವೆಂದು. ಅದನ್ನೆಲ್ಲ ನೀನು ಅಮ್ಮನ ಸಿಟ್ಟು ಎಂದು ಓದಿಕೊಂಡೆ. ನಿನ್ನ ಏಪ್ರಿಲ್ ಕಾಗದ ಬಂದಾಗಲೇ ನನಗೆ ಗೊತ್ತಾಯಿತು, ಆದರೂ ಬಾಯಿ ಬಿಡಲಿಲ್ಲ. ಅಮ್ಮನಿಗೆ ಸಂತೋಷವಾಯಿತು ಎಂದು ಒಂದು ಹಸಿ ಸುಳ್ಳು ಬರೆದಿದ್ದರೆ ನಿನಗೆ ಇಷ್ಟು ನೋವಾಗುತ್ತಿರಲಿಲ್ಲ.

ಸಂತೋಷವಂತೂ ಆಗಿತ್ತು, ಅದು ಸುಳ್ಳೂ ಅಲ್ಲ. ನಿನ್ನ ಮೊದಲ ಕಾಗದವನ್ನು ಓದಿದಾಗ ಅವಳು ಹಾಸಿಗೆಯಲ್ಲಿದ್ದಳು. ಮುಖ ಆ ಕಡೆ ತಿರುಗಿಸಿಕೊಂಡಳು. ಆ ಕಡೆ ನೋಡುತ್ತಲೇ, "ಕಲ್ಲು ತಗೊಂಬಾ" ಎಂದಳು. ಜ್ವರದಲ್ಲೇ ಎದ್ದು ಕೂತು ಕತ್ತಿ ಮಸೆದಳು. "ಆ ಹಿಸಾಗೆ ಕೈ ನಡುಗುತ್ತೆ ಕಣೆ. ತಾನೇ ತೆಕ್ಕೊಳಕ್ಕೆ ಹೋದ್ರೆ ಹಣೆಯೆಲ್ಲ ಗಾಯ ಮಾಡ್ಕೋತಾಳೆ. ನಾನೇ ಹೋಗ್ಬೇಕು. ಒತಾರುಗೆ ಹಡಗು ಯಾವಾಗ್ಯಾವಾಗ ಹೋಗುತ್ತೆ, ಕೇಳ್ಕೊಂಬಾ" ಎಂದಳು. ನಾನು ಹೋಗಿ ಕೇಳಿಕೊಂಡೂ ಬಂದೆ. ತಲೆದಿಂಬಿನ ಕೆಳಗೆ ಕತ್ತಿಯನ್ನಿಟ್ಟುಕೊಂಡೇ ಮಲಗಿದಳು.

ಜೀವ ಹೋದ ಮೇಲೆ, ಕೆಟ್ಟದ್ದು ಹತ್ತಿರ ಬರದಂತೆ ಅವಳ ಎದೆಯ ಮೇಲೆ ಕಾವಲಿಗೆ ಒಂದು ಅಲಗು ಇಡಬೇಕಲ್ಲ. ಇಡಲು ತಕ್ಕದ್ದು ಮನೆಯಲ್ಲಿ ಆ ಕತ್ತಿಯೊಂದೇ. ಹೆಣದ ಮೇಲಿದ್ದ ಕತ್ತಿಯನ್ನು ಬಸುರಿಗೆ ಹೇಗೆ ಕಳಿಸಲಿ? ಅದಕ್ಕೇ ಹೊಸದನ್ನು ಕೊಂಡು ಕಳಿಸಿದೆ. ನೀನು ಕಾಯುತ್ತಿದ್ದದ್ದು ಆ ನೇರಳೆ ದಾರಕ್ಕೆ ಎಂದು ನನಗೆ ಗೊತ್ತಿತ್ತು.

ಇದರ ಜೊತೆ ಅದನ್ನೇ ಕಳಿಸುತ್ತಿದ್ದೇನೆ. ಅಮ್ಮ ಮಸೆದದ್ದು, ಆಮೇಲೆ ಯಾರೂ ಬಳಸಿಲ್ಲ. ನೀನೀಗ ಯಾವ ಸ್ಥಿತಿಯಲ್ಲಿದ್ದೀಯೋ, ಕೈಗೆ ಕತ್ತಿ ಕಳಿಸುತ್ತಿದ್ದೇನಲ್ಲ ಎಂದು ಕಟ್ಟುವಾಗ ಎರಡು ಸಲ ಬಿಚ್ಚಿದೆ. ಬಂದು ಸೇರಿತೆಂದು ಕೂಡಲೇ ಬರೆ. ನಿನ್ನ ಕಾಗದ ಬರುವವರೆಗೆ ನನಗೆ ನಿದ್ದೆ ಇಲ್ಲ.

ನುಯಿ


ಒತಾರು
ಸೆಪ್ಟೆಂಬರ್ ೧೯

ನುಯಿ,

ಬಂದು ಸೇರಿತು. ನಾನಿದ್ದೇನೆ, ಹೆದರಬೇಡ.

ಮೊದಲು ನಿನ್ನ ಮೇಲೆ ವಿಪರೀತ ಸಿಟ್ಟು ಬಂತು. ಅಮ್ಮ ಹೋಗಿ ಆರು ತಿಂಗಳು ನಾನು ಸತ್ತವಳ ಮೇಲೆ ಮುನಿಸಿಕೊಂಡು ಕೂತಿದ್ದೆನಲ್ಲೇ! ಕಾಗದವನ್ನು ಒಲೆಗೆ ಹಾಕಲು ಹೋದೆ. ಆಮೇಲೆ ದಾರ ಕಂಡಿತು. ಹಿಡಿಯ ತುದಿಯಲ್ಲಿ ದಾರ ಸವೆದು ಅವಳ ಹೆಬ್ಬೆರಳಿನ ಗುರುತು ಬಿದ್ದಿದೆ, ನೋಡಿದ್ದೀಯಾ? ಅದರ ಮೇಲೆ ನನ್ನ ಹೆಬ್ಬೆರಳಿಟ್ಟೆ. ಅಮ್ಮ ಹಡಗಿನ ವೇಳೆ ಕೇಳಿದಳು ಎಂದು ಬರೆದಿದ್ದೀಯಲ್ಲ, ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಮಗು ಸತ್ತೇ ಹುಟ್ಟಿತು. ಸುಮ್ಮನಿರುವ ಮಗು ಎಂದು ಸೂಲಗಿತ್ತಿ ಹೇಳಿದ್ದು ನಿಜ. ನಾನೂ ನಿನ್ನ ಅಕ್ಕನೇ ಅಲ್ಲವೇ, ಅಷ್ಟು ನಿಜ ನನಗೂ ಬರುತ್ತದೆ. ಆದರೆ ಹುಬ್ಬಿನ ಮಾತು ಪೂರ್ತಿ ಸುಳ್ಳು. ಅತ್ತೆ, "ಕೂಸು ಕೈಗೆ ಬರ್ದೇ ಇರೋಳು ಹುಬ್ಬು ತೆಗೀಬಾರ್ದು ಕಣಮ್ಮ, ಇನ್ನೊಂದಾಗ್ಲಿ, ಆಗ ತೆಗೆಸೋಣ" ಎಂದರು. ಆ ಕ್ಷಣ ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ. ಅಮ್ಮನಿಗೆ ತಿಳಿಸೋಣ ಎಂದುಕೊಂಡರೆ, ಕತ್ತಿಯನ್ನೂ ಕೊಡದವಳಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಅಂಗಡಿ ಬಾಗಿಲಿಗೆ ಹೋಗಿ ನಿಲ್ಲಲು ನನ್ನ ಬೆನ್ನ ಮೇಲೆ ಏನೂ ಇರಲಿಲ್ಲ. ಹಾಗಿರುವಾಗ ನೀನು ಬಣ್ಣ ಕೇಳಿದೆ. ಕಣ್ಣು ಮುಚ್ಚಿದರೆ ಅಮ್ಮನ ಹುಬ್ಬು ಕಂಡಿತು, ಕಂಡದ್ದನ್ನು ಬರೆದೆ. ಬರೆಯುವಷ್ಟು ಹೊತ್ತು ಅವಳು ನನ್ನ ಮೇಲೆ ಬಗ್ಗಿರುತ್ತಿದ್ದಳು.

ನಿನ್ನೆ ಬೆಳಿಗ್ಗೆ ಅತ್ತೆ ಕಡಲ ದಡಕ್ಕೆ ಹೋದ ಮೇಲೆ ಕನ್ನಡಿ ಇಟ್ಟುಕೊಂಡು ಕೂತೆ. ಹಡೆದಿದ್ದೇನೆ. ಒಂಬತ್ತು ತಿಂಗಳು ಹೊತ್ತು ಹಡೆದಿದ್ದೇನೆ. ಅಮ್ಮ ಮಸೆದ ಕತ್ತಿಯನ್ನು ಹಣೆಗಿಟ್ಟೆ. ಅವಳು ಹೇಳಿದ ಹಾಗೆಯೇ ಆಯಿತು, ಕೈ ನಡುಗಿ ಎಡಗಡೆ ಒಂದು ಕಡೆ ಕೊಯ್ದಿತು. ರಕ್ತ ಒರೆಸಿಕೊಳ್ಳುತ್ತಿರುವಾಗ ಅತ್ತೆ ಏನೋ ಮರೆತು ವಾಪಸ್ಸು ಬಂದರು. ಬಾಗಿಲಲ್ಲೇ ನಿಂತರು. ಬೈಯುತ್ತಾರೆ ಎಂದುಕೊಂಡೆ. ಕತ್ತಿ ಯಾರದು ಎಂದು ಕೇಳಿದರು. ಹೇಳಿದೆ. ಒಳಗೆ ಹೋಗಿ ಬಟ್ಟಲಲ್ಲಿ ಬಿಸಿನೀರು ತಂದು ನನ್ನ ಎದುರಿಗೆ ಕೂತರು. "ಕೊಡಿಲ್ಲಿ. ಒಂದು ಕಡೆ ತೆಗ್ದು ಒಂದು ಕಡೆ ಬಿಟ್ರೆ ಜನ ಏನಂತಾರೆ?" ಎಂದು ಬಲಗಡೆಯದನ್ನು ಅವರೇ ತೆಗೆದರು. ತೆಗೆಯುತ್ತಲೇ ಹೇಳಿದರು, ಅವರೂ ಒಂದು ಕೂಸನ್ನು ಕಳೆದುಕೊಂಡವರಂತೆ. ಗೆನ್‌ಜಿರೊಗಿಂತ ಮೊದಲಿನದು. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ನಿನಗೆ ಈಗ ನಿಜವಾದ ಬಣ್ಣ ಹೇಳಬಲ್ಲೆ. ಮೊದಲ ದಿನ ಬಿದಿರೂ ಇಲ್ಲ, ಆಕಾಶವೂ ಇಲ್ಲ, ಬರೀ ಕೆಂಪು. ಉರಿಯುತ್ತದೆ. ಆದರೆ ನೀನು ಬರೆದದ್ದನ್ನು ತಿದ್ದಬೇಡ. ಅಲ್ಲಿ ಕೂತಿರುವವಳು ಅಮ್ಮ, ಅವಳು ಹಾಗೆಯೇ ಇರಲಿ. ಗೀರನ್ನೂ ಅಳಿಸಬೇಡ.

ಮಡಿಲಿನ ವಿಷಯ. ಮಗುವಿನ ಮುಖ ಬರೆಯಬೇಡ. ನನಗೂ ಗೊತ್ತಿಲ್ಲ, ತೋರಿಸುವ ಮೊದಲೇ ಬಟ್ಟೆ ಮುಚ್ಚಿ ಎತ್ತಿಕೊಂಡು ಹೋದರು. ಅಮ್ಮನ ಕಡೆಗೆ ಮುಖ ಮಾಡಿ ಮಲಗಿಸು, ತೋಕ್ಯೊದವರಿಗೆ ಹಿಂದಲೆ ಮಾತ್ರ ಕಾಣಲಿ. ಎತ್ತಿಕೊಂಡು ಹೋಗುವಾಗ ಬಟ್ಟೆ ಒಂದು ಕಡೆ ಜಾರಿತ್ತು. ತಲೆ ತುಂಬ ಕೂದಲಿತ್ತು ನುಯಿ, ಒದ್ದೆ ಕೂದಲು, ಕುತ್ತಿಗೆಯವರೆಗೂ. ಕೂದಲನ್ನು ನಿನ್ನಷ್ಟು ಚೆನ್ನಾಗಿ ಬರೆಯುವವರು ಕ್ಯೋತೊದಲ್ಲಿ ಯಾರೂ ಇಲ್ಲ ಎಂದು ಅಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅದನ್ನು ನಿಧಾನವಾಗಿ ಬರೆ.

ಹಿಸಾ